ನಮ್ಮನ್ನ ಕೇಳ್ಯಾರೇನು?

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆಗೂ ಪಕ್ಕದ ಕಾಕು ಅವರ ಮನೆಗೂ ನಡುವೆ ಎದೆಮಟ್ಟದ ಕಂಪೌಂಡು ಗೋಡೆ. ಕಟ್ಟಿಸಿದವರು ಜಾಗ ಬೇರೆ ಮಾಡಲು ಕಟ್ಟಿಸಿರಬೇಕು. ನಮಗಿಬ್ಬರಿಗೂ ಅದು ಮೊಣಕೈ ಊರಲು ಒದಗಿದೆ. ಬೆಳಗಿನ ಚಹಾ ಮುಗಿಸಿ ಕಾಕು ಗೋಡೆಯ ಹತ್ತಿರ ಬಂದರೆಂದರೆ ಅಂದಿನ ವಿಷಯ ಅವರ ಬಳಿ ತಯಾರಿರುತ್ತದೆ. ನಾನು ಮಾಸ್ತರಕಿ ಮಾಡಿ ನಿವೃತ್ತನಾದವನು, ಆದ್ದರಿಂದ ಉತ್ತರ ಹೇಳುವುದು ನನ್ನ ಪಾಲು. ಸರಕಾರ ನನಗೆ ಪಿಂಚಣಿ ಕೊಡುತ್ತಿರುವುದೇ ಅದಕ್ಕೆ ಎಂದು ಅವರು ನಂಬಿದ್ದಾರೆ.

“ಮಾಸ್ತರ, ಆ ಶುಕ್ಲಾ ಅನ್ನೋ ಹುಡುಗ ಮ್ಯಾಲೆ ಹೋಗಿ ಹೆಸರಕಾಳು, ಮೆಂತೆಕಾಳು ಮೊಳಕಿ ಬರಿಸಿದ್ನಲ್ಲ, ತಿಂದ್ನೋ ಇಲ್ಲೋ?”

2025ರ ಜೂನ್ 25ರಂದು ಆಕ್ಸಿಯಮ್-4 ಯಾನದಲ್ಲಿ ಹೊರಟ ಶುಭಾಂಶು ಶುಕ್ಲಾ ಮರುದಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸೇರಿ, ಜುಲೈ 15ಕ್ಕೆ ಭೂಮಿಗೆ ಮರಳಿದ್ದು ಎಲ್ಲರಿಗೂ ಗೊತ್ತು. ಅವರು ಅಲ್ಲಿ ಮಾಡಿದ ಪ್ರಯೋಗಗಳಲ್ಲಿ ಒಂದು ನಮ್ಮೂರಿನದು: ಇಲ್ಲಿನ ಕೃಷಿ ವಿಶ್ವವಿದ್ಯಾಲಯದವರೂ ಐಐಟಿಯವರೂ ಸೇರಿ ಸಿದ್ಧಪಡಿಸಿದ ಹೆಸರು, ಮೆಂತ್ಯದ ಮೊಳಕೆ ಪ್ರಯೋಗ. ಅದನ್ನು ತಿನ್ನಲಿಲ್ಲ, ನೀರು ಹಾಕಿ ಮೊಳಕೆ ಬರಿಸಿ ಫ್ರೀಜರಿನಲ್ಲಿಟ್ಟು ವಾಪಸು ತಂದರು, ಪರೀಕ್ಷೆ ಮಾಡಲಿಕ್ಕೆ ಎಂದೆ.

“ಹಂಗಾರ ಅಲ್ಲಿ ತಿಂದಿದ್ದೇನು?”

“ಮನಿಯಿಂದ ಗಜ್ಜರಿ ಹಲ್ವಾ, ಹೆಸರಬ್ಯಾಳಿ ಹಲ್ವಾ, ಮಾವಿನ ರಸ ಒಯ್ದಿದ್ರು ಕಾಕು.”

“ಪೇಢೆ?”

“ಇಲ್ರೀ.”

ಕಾಕು ಗೋಡೆಯಿಂದ ಕೈ ತೆಗೆದರು. “ಅಲ್ರೀ, ಕಾಳು ಕೊಡಾಕ ಧಾರವಾಡ ಬೇಕು, ಪೇಢೆ ಬ್ಯಾಡ ಅಂದ್ರ ಹೆಂಗ? ಯಾರ್ನ ಕೇಳಿ ಮಾಡಿದ್ರು ಆ ಪಟ್ಟಿ?”

ನಗಬೇಕೆಂದಿದ್ದೆ, ನಗಲಿಲ್ಲ. ಬಾಹ್ಯಾಕಾಶದ ಬಗ್ಗೆ ಜಗತ್ತಿನಲ್ಲಿ ದೊಡ್ಡ ದೊಡ್ಡ ಸಭೆಗಳು ನಡೆಯುತ್ತವೆ. ಅಲ್ಲೆಲ್ಲ ‘ಜನರ ಪಾಲ್ಗೊಳ್ಳುವಿಕೆ’ ಎಂಬುದು ಊಟದ ಎಲೆಯ ಉಪ್ಪಿನಷ್ಟೇ ಖಾಯಂ. ಯಾರನ್ನು ಕೇಳಿ ಪಟ್ಟಿ ಮಾಡಿದಿರಿ ಎಂದು ಕೇಳುವವರು ಮಾತ್ರ ಕಾಣುವುದಿಲ್ಲ.

ಅಷ್ಟರಲ್ಲಿ ಕಾಕು ಅವರ ಮೊಮ್ಮಗ ಹಲ್ಲುಜ್ಜುತ್ತಾ ಹೊರಗೆ ಬಂದ. ಎಂಜಿನಿಯರಿಂಗ್ ಓದುವ ಹುಡುಗ. “ಅಜ್ಜಿ, ನಿನ್ನ ಹೆಸರು ಆಗಲೇ ಗುರು ಗ್ರಹದ ಕಡೆ ಹೊಂಟೈತಿ, ಪೇಢೆ ಏನ್ ದೊಡ್ಡದು!” ಎಂದ. ಅವನು ಹೇಳಿದ್ದು ಸುಳ್ಳಲ್ಲ. 2024ರ ಅಕ್ಟೋಬರ್ 14ರಂದು ಹಾರಿದ ನಾಸಾದ ಯುರೋಪಾ ಕ್ಲಿಪ್ಪರ್ ನೌಕೆಯಲ್ಲಿ ಒಂದು ಚಿಪ್ ಇದೆ. ಹೆಸರು ಕೊಟ್ಟ 26 ಲಕ್ಷ ಜನರ ಹೆಸರುಗಳನ್ನು ಎಲೆಕ್ಟ್ರಾನ್ ಕಿರಣದಿಂದ, ಬರಿಗಣ್ಣಿಗೆ ಕಾಣದಷ್ಟು ಸಣ್ಣಕ್ಕೆ, ಅದರ ಮೇಲೆ ಕೆತ್ತಿದ್ದಾರೆ. 2030ಕ್ಕೆ ಅದು ಗುರುವಿನ ಹತ್ತಿರ ತಲುಪಬೇಕು. ಅದಕ್ಕೂ ಮೊದಲು ಮಂಗಳಕ್ಕೆ ಹೋದ ಪರ್ಸಿವಿಯರೆನ್ಸ್ ರೋವರಿನಲ್ಲಿ ಒಂದು ಕೋಟಿ ಒಂಬತ್ತು ಲಕ್ಷಕ್ಕೂ ಹೆಚ್ಚು ಹೆಸರುಗಳು ಹೋಗಿದ್ದವು. ಹುಡುಗ ಮನೆಮಂದಿಯ ಹೆಸರನ್ನೆಲ್ಲ ತುಂಬಿದ್ದ, ಅಜ್ಜಿಯದನ್ನೂ ಸೇರಿಸಿ. ಕಳಿಸಿದವರಿಗೆ ನೋಡಿ ಖುಷಿಪಡಲು ಒಂದು ಚೀಟಿಯೂ ಬರುತ್ತದೆ, ವಿಮಾನದ ಬೋರ್ಡಿಂಗ್ ಪಾಸಿನ ಥರದ್ದು.

ಕಾಕುಗೆ ಖುಷಿಯಾಗಲಿಲ್ಲ. “ಲಗ್ನಪತ್ರಿಕಿ ಒಳಗ ‘ಸುಖಾಗಮನ ಬಯಸುವವರು’ ಅಂತ ಕೆಳಗ ಐವತ್ತು ಮಂದಿ ಹೆಸರು ಹಾಕಿರ್ತಾರ. ಅವ್ರನ್ನೆಲ್ಲ ಹೆಣ್ಣು ನೋಡಾಕ ಕರ್ಕೊಂಡು ಹೋಗಿರ್ತಾರೇನು? ಮಾತುಕತಿ ಎಲ್ಲಾ ಮುಗಿದ ಮ್ಯಾಲೆ ಅಚ್ಚು ಹಾಕಸೋದು ಅದು.”

ನಾನು ನಾಸಾದ ಪರವಾಗಿ ಸ್ವಲ್ಪ ವಾದಿಸಿದೆ. ರೋವರುಗಳಿಗೆ ಹೆಸರಿಡುವುದನ್ನು ಅವರು ಶಾಲೆಯ ಮಕ್ಕಳಿಗೆ ಬಿಟ್ಟಿದ್ದಾರೆ. 1997ರಲ್ಲಿ ಮಂಗಳದಲ್ಲಿಳಿದ ಮೊದಲ ರೋವರಿಗೆ, ಗುಲಾಮಗಿರಿಯ ವಿರುದ್ಧ ಹೋರಾಡಿದ ಸೋಜರ್ನರ್ ಟ್ರೂತ್ ಅವರ ಹೆಸರನ್ನು ಸೂಚಿಸಿದವಳು 12 ವರ್ಷದ ಹುಡುಗಿ. ಮಂಗಳದ ಮೇಲೆ ಹಾರಿದ ಪುಟ್ಟ ಹೆಲಿಕಾಪ್ಟರಿನ ‘ಇಂಜೆನ್ಯುಯಿಟಿ’ ಎಂಬ ಹೆಸರು ಬಂದದ್ದು ವನೀಜಾ ರೂಪಾನಿ ಎಂಬ ಶಾಲಾ ಹುಡುಗಿಯ ಪ್ರಬಂಧದಿಂದ. ಇಷ್ಟು ಹೇಳಿ ಗೆದ್ದೆ ಎಂದುಕೊಂಡೆ.

“ಹೆಸರಿಡೂದು ನಮ್ಮೊಳಗ ಸೋದರತ್ತಿ ಕೆಲಸ,” ಎಂದರು ಕಾಕು. “ಕೂಸು ಬೇಕೋ ಬ್ಯಾಡೋ ಅಂತ ಸೋದರತ್ತೀನ ಯಾರೂ ಕೇಳಂಗಿಲ್ಲ.”

ಹೆಸರಿನ ಮಾತು ಬಂತೆಂದು ನಾನು ವಾಯೇಜರ್ ಕಥೆ ತೆಗೆದೆ. 1977ರಲ್ಲಿ ಹಾರಿಬಿಟ್ಟ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪವಿರುವ ಒಂದೊಂದು ತಟ್ಟೆ ಇದೆ. ಎಲ್ಲಾದರೂ ಯಾರಾದರೂ ಕೇಳಲಿ ಎಂದು ಅದರಲ್ಲಿ ಭೂಮಿಯ 55 ಭಾಷೆಗಳ ಶುಭಾಶಯಗಳನ್ನು ಮುದ್ರಿಸಿದ್ದಾರೆ. ಕನ್ನಡವೂ ಇದೆ! ಒಬ್ಬರು ಕನ್ನಡಿಗರೆಲ್ಲರ ಪರವಾಗಿ ನಮಸ್ಕಾರ ಹೇಳಿದ್ದಾರೆ. ಆ ದನಿ ಈಗ ಸೌರಮಂಡಲದ ಗ್ರಹಗಳನ್ನೆಲ್ಲ ಹಿಂದೆ ಹಾಕಿ ಹೋಗಿದೆ. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿ ಇದೆ. ನಮ್ಮ ಮಲ್ಲಿಕಾರ್ಜುನ ಮನ್ಸೂರರು ಹಾಡುತ್ತಿದ್ದ ಜೈಪುರ-ಅತ್ರೌಲಿ ಘರಾಣೆಯೇ ಅದು. ಹಾಗೆ ನೋಡಿದರೆ ಧಾರವಾಡಕ್ಕೆ ಅಲ್ಲೂ ದೂರದ ಒಂದು ನೆಂಟಸ್ತಿಕೆ ಸಿಕ್ಕಿತು.

“ಎಲ್ಲಾ ಭಾಷೆ ಅದಾವೇನು?”

ಇಲ್ಲ. ಕನ್ನಡ, ತೆಲುಗು, ಮರಾಠಿ, ಗುಜರಾತಿ ಇವೆ. ತಮಿಳು, ಮಲಯಾಳ ಇಲ್ಲ. ತುಳು, ಕೊಡವ ಇಲ್ಲವೆಂದು ಬೇರೆ ಹೇಳಬೇಕಿಲ್ಲ. ಆದರೆ ಸಾವಿರಾರು ವರ್ಷಗಳಿಂದ ಯಾರೂ ಮನೆಯಲ್ಲಿ ಆಡದ ಸುಮೇರಿಯನ್, ಅಕ್ಕಾಡಿಯನ್, ಹಿಟ್ಟೈಟ್ ಇವೆ. ಕಾರ್ಲ್ ಸೇಗನ್ ಮತ್ತು ಅವರ ಕೆಲವೇ ಸಂಗಡಿಗರು ಅವಸರದಲ್ಲಿ ಮಾಡಿದ ಕೆಲಸ ಅದು. ಕಾರ್ನೆಲ್ ವಿಶ್ವವಿದ್ಯಾಲಯದ ಆಸುಪಾಸಿನಲ್ಲಿ ಆಯಾ ಭಾಷೆ ಬಲ್ಲವರು ಸಿಕ್ಕಿದರೆ ದನಿ ಹಿಡಿದುಕೊಂಡರು. ಕನ್ನಡಕ್ಕೆ ಒಬ್ಬರು ಸಿಕ್ಕಿದರು, ತಮಿಳಿಗೆ ಸಿಗಲಿಲ್ಲ. ಮನುಕುಲದ ಪ್ರತಿನಿಧಿಗಳ ಆಯ್ಕೆ ನಡೆಯುವುದು ಹೀಗೆಯೇ, ಹತ್ತಿರದಲ್ಲಿ ಯಾರಿದ್ದಾರೋ ಅವರಿಂದ. ನಮಗೆ ಲಾಭವಾದದ್ದರಿಂದ ನಾವು ಅದರ ಬಗ್ಗೆ ತಕರಾರು ಮಾಡಿಲ್ಲ, ಅಷ್ಟೆ.

ಕಾಕು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನನ್ನ ಒಂದ್ಸಲ ಕೇಳಿದ್ರು ನೋಡ್ರಿ,” ಎಂದರು.

“ಯಾರು?”

“ಅವ್ರ. ರಾಕೆಟಿನವ್ರು.”

ಕಾಕು ವಿಜಾಪುರ ಜಿಲ್ಲೆಯ ಒಂದು ಹಳ್ಳಿಯ ಮಗಳು. 1975ರಲ್ಲಿ ಅವರಿನ್ನೂ ಹುಡುಗಿ. ಆ ವರ್ಷ ಊರಿನ ಸಾಲಿಯ ಮಾಳಿಗೆಯ ಮೇಲೆ ಕೋಳಿಗೂಡಿಗೆ ಹಾಕುವ ತಂತಿ ಜಾಳಿಗೆಯ ದೊಡ್ಡ ಛತ್ರಿಯೊಂದನ್ನು ಅಂಗಾತ ಕೂಡಿಸಿದರಂತೆ. ಒಳಗೆ ಒಂದು ಟಿವಿ ಪೆಟ್ಟಿಗೆ. ಸಂಜೆಯಾದರೆ ಊರೇ ಸಾಲಿಯಂಗಳದಲ್ಲಿ.

ಹುಡುಗನಿಗೆ ನಂಬಿಕೆ ಬರಲಿಲ್ಲ. ಬೆಂಗಳೂರಿನಲ್ಲೇ ಆಗ ಟಿವಿ ಇರಲಿಲ್ಲವಲ್ಲ ಎಂದ. ಇರಲಿಲ್ಲ, ಅದೇ ಅದರ ಸೊಗಸು. ಆ ಪ್ರಯೋಗಕ್ಕೆ ಸೈಟ್ ಎಂದು ಹೆಸರು. ಉಪಗ್ರಹದ ಮೂಲಕ ಶಿಕ್ಷಣದ ಟಿವಿ. ವಿಕ್ರಮ್ ಸಾರಾಭಾಯಿ ಕಂಡ ಕನಸು, ನೋಡಲು ಅವರೇ ಉಳಿಯಲಿಲ್ಲ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ಆರು ರಾಜ್ಯಗಳ 2400 ಹಳ್ಳಿಗಳಿಗೆ ನೇರ ಪ್ರಸಾರ ಮಾಡಿದರು. ನಮ್ಮ ರಾಜ್ಯದಲ್ಲಿ ಆರಿಸಿದ್ದು ವಿಜಾಪುರ, ಕಲಬುರ್ಗಿ, ರಾಯಚೂರು ಕಡೆಯ ಹಳ್ಳಿಗಳನ್ನು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಕೃಷಿ, ಆರೋಗ್ಯ, ಒಂದಷ್ಟು ಹಾಡು ಕುಣಿತ. ಪಟ್ಟಣದವರಿಗೆ ಮೊದಲು, ಉಳಿದದ್ದು ಹಳ್ಳಿಗೆ ಎಂಬ ನಮ್ಮ ದೇಶದ ಕ್ರಮವನ್ನು ಒಂದು ವರ್ಷ ತಲೆಕೆಳಗು ಮಾಡಿದ ಕೆಲಸ ಅದು. ನನ್ನನ್ನು ಕೇಳಿದರೆ, ಚಂದ್ರನ ಮೇಲಿಳಿದದ್ದಕ್ಕಿಂತ ಇದೇ ನಮ್ಮ ಬಾಹ್ಯಾಕಾಶದವರ ದೊಡ್ಡ ಸಾಹಸ. ಚಂದ್ರನ ಮೇಲೆ ಎದುರು ಮಾತಾಡುವವರಿರಲಿಲ್ಲ.

“ಕೇಳಿದ್ದು ಏನನ್ನ ಕಾಕು?”

“ಪ್ಯಾಂಟು ಹಾಕ್ಕೊಂಡವ್ರು ಬರ್ತಿದ್ರು, ಕಾಗದ ಹಿಡ್ಕೊಂಡು. ನಿನ್ನೆ ನೋಡಿದ್ದು ತಿಳೀತೇನವ್ವಾ ಅನ್ನೋರು. ಬೀಜದ ಉಪಚಾರ ಅಂದ್ರೇನು ಹೇಳು ಅನ್ನೋರು. ಒಬ್ಬ ಅಂತೂ ನಮ್ಮೂರಾಗ ಮನಿ ಹಿಡ್ದು ಇದ್ದ. ಕುಣಿತದ್ದು ಹೆಚ್ಚ ಹಾಕ್ರಿ, ಗೊಬ್ಬರದ್ದು ಕಡಿಮಿ ಮಾಡ್ರಿ ಅಂತ ನಾ ಹೇಳಿದ್ನಿ. ಬರಕೊಂಡ.”

ಅದೂ ನಿಜವೇ. ಇಸ್ರೋ ಆಗ ಎಂಜಿನಿಯರುಗಳ ಜೊತೆಗೆ ಸಮಾಜಶಾಸ್ತ್ರ ಓದಿದವರನ್ನೂ ಇಟ್ಟುಕೊಂಡಿತ್ತು. ಸಂದರ್ಶನ ಮಾಡುವವರು ಬೇರೆ, ಕೆಲವು ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ನೆಲೆಸಿ ಜನ ಏನು ನೋಡುತ್ತಾರೆ, ಏನು ಬಿಡುತ್ತಾರೆ ಎಂದು ಬರೆದುಕೊಂಡವರು ಬೇರೆ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಳ್ಳಿಯವರ ಜಗಳ, ಸಾಲ, ಜಾತಿಯ ಕಾಟವನ್ನೆಲ್ಲ ಅವರ ಮಾತಿನಲ್ಲೇ ಕಾರ್ಯಕ್ರಮ ಮಾಡಿದರು. ಅದಕ್ಕೆ 1984ರಲ್ಲಿ ಯುನೆಸ್ಕೋ ಪ್ರಶಸ್ತಿ ಬಂತು. ಉಪಗ್ರಹ ಮಾಡಿದವರೇ ಬಂದು ಹಳ್ಳಿಯ ಹೆಣ್ಣುಮಗಳೊಬ್ಬಳನ್ನು ‘ತಿಳೀತೇನವ್ವಾ’ ಎಂದು ಕೇಳಿದ್ದು ಈ ದೇಶದಲ್ಲಿ ಆಗಿಹೋದ ಸಂಗತಿ, ಮುಂದೆ ಎಂದೋ ಆಗಬೇಕಾದದ್ದಲ್ಲ.

“ಆಮ್ಯಾಲೆ?” ಎಂದ ಹುಡುಗ.

“ಆಮ್ಯಾಲೇನು, ಒಂದಿನ ಟಿವಿ ಒಳಗ ಬರೇ ಬಿಳೀ ಚುಕ್ಕಿ. ಮಾಸ್ತರನ್ನ ಕೇಳಿದ್ರ, ಉಪಗ್ರಹ ಅಮೆರಿಕದವ್ರದು, ವರ್ಷ ಮುಗೀತು, ವಾಪಸ್ ಒಯ್ದ್ರು ಅಂದ್ರು. ಒಯ್ಯೂ ಮುಂದ ಯಾರೂ ಕೇಳಾಕ ಬರ್ಲಿಲ್ಲ.”

1976ರ ಜುಲೈ 31 ಅದು. ಮುಂದೆ ನಮ್ಮದೇ ಇನ್ಸಾಟ್ ಉಪಗ್ರಹಗಳು ಬಂದವು, ನೂರಾರು ಚಾನಲ್ಲುಗಳು ಬಂದವು. ಕಾಗದ ಹಿಡಿದುಕೊಂಡು ಬರುವವರು ಬರಲಿಲ್ಲ. ಈಗ ಕಾಕು ನಾಲ್ಕು ಧಾರಾವಾಹಿ ನೋಡುತ್ತಾರೆ. ಒಂದರ ಬಗ್ಗೆಯೂ ಅವರ ಅಭಿಪ್ರಾಯ ಕೇಳಿದವರಿಲ್ಲ, ಆ ಕೊರತೆಯನ್ನು ನನ್ನ ಮೇಲೆ ತುಂಬಿಕೊಳ್ಳುತ್ತಾರೆ.

ಕೇಳುವ ವಿಷಯ ಬಂದಮೇಲೆ ತುಂಬಾದ ಇಗರ್ಜಿಯನ್ನು ಬಿಡುವಂತಿಲ್ಲ. ನಮ್ಮ ನೆಲದಿಂದ ಬಾಹ್ಯಾಕಾಶ ಸಂಶೋಧನೆಯ ಮೊದಲ ರಾಕೆಟ್ ಹಾರಿದ್ದು 1963ರ ನವೆಂಬರ್ 21ರಂದು, ತಿರುವನಂತಪುರದ ಹತ್ತಿರದ ಆ ಮೀನುಗಾರರ ಊರಿನಿಂದ. ಅಲ್ಲಿನ ಮೇರಿ ಮ್ಯಾಗ್ಡಲೀನ್ ಇಗರ್ಜಿಯೇ ವಿಜ್ಞಾನಿಗಳ ಕಚೇರಿಯಾಯಿತು. ಅಬ್ದುಲ್ ಕಲಾಂ ಅವರು ಹೇಳುತ್ತಿದ್ದ ಕಥೆ ಹೀಗೆ: ಸಾರಾಭಾಯಿ ಜಾಗ ಕೇಳಲು ಹೋದಾಗ ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಆಗಲೇ ಹೂಂ ಎನ್ನಲಿಲ್ಲ, ಭಾನುವಾರದ ಪ್ರಾರ್ಥನೆಗೆ ಬನ್ನಿ ಎಂದರು. ಸೇರಿದ ಜನರೆದುರು ವಿಜ್ಞಾನ ದೊಡ್ಡದು, ಇವರಿಗೆ ನಮ್ಮ ದೇವರ ಮನೆ ಕೊಡೋಣವೇ ಎಂದು ಕೇಳಿದರು. ಎಲ್ಲರೂ ಆಮೆನ್ ಎಂದರು.

ಇದನ್ನು ಹೇಳುವಾಗ ನನಗೆ ಯಾವಾಗಲೂ ಗಂಟಲು ತುಂಬುತ್ತದೆ. ಕಾಕುಗೆ ತುಂಬಲಿಲ್ಲ. “ದೇವರ ಮುಂದ, ಗುರುಗೋಳ ಮುಂದ, ದಿಲ್ಲಿ ಸಾಹೇಬ್ರು ಕುಂತಿರೋ ಮುಂದ ಕೇಳಿದ್ರ ಯಾವ ಬೆಸ್ತರಾಂವ ಬ್ಯಾಡ ಅಂತಾನ್ರೀ? ಇರ್ಲಿ, ಕೇಳಿದ್ರಲ್ಲ. ಅಷ್ಟಾರ ಮಾಡಿದ್ರು.”

ಅಷ್ಟಾದರೂ ಮಾಡದ ಜಾಗಗಳಿವೆ. ಶ್ರೀಹರಿಕೋಟಾ ದ್ವೀಪದಲ್ಲಿದ್ದ ಯಾನಾದಿ ಬುಡಕಟ್ಟಿನವರು ಉಡಾವಣಾ ಕೇಂದ್ರಕ್ಕಾಗಿ ಎದ್ದು ಹೋಗಬೇಕಾಯಿತು. ನಮ್ಮ ರಾಜ್ಯದಲ್ಲೇ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ, ಅಮೃತಮಹಲ್ ಕಾವಲುಗಳ ಸುಮಾರು ಹತ್ತು ಸಾವಿರ ಎಕರೆ ನೆಲ ರಕ್ಷಣೆ, ಅಣುಶಕ್ತಿ, ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ವಿಜ್ಞಾನಕ್ಕೆ ಅದು ಒಳ್ಳೆಯ ಜಾಗ ಎನ್ನುವುದರಲ್ಲಿ ಅನುಮಾನವಿಲ್ಲ. ಚಂದ್ರಯಾನದ ಲ್ಯಾಂಡರಿನ ಪರೀಕ್ಷೆಗೆಂದು ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿರುವಂಥ ಗುಂಡಿಗಳನ್ನು ತೋಡಿದರು. ಮರುಬಳಕೆಯ ರಾಕೆಟ್ ವಿಮಾನ ‘ಪುಷ್ಪಕ್’ ಅನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟು, 2023 ಮತ್ತು 2024ರಲ್ಲಿ ಅಲ್ಲಿಯೇ ಹತ್ತಿರದ ಓಡುಹಾದಿಯಲ್ಲಿ ತಾನಾಗಿ ಇಳಿಯುವಂತೆ ಮಾಡಿದರು. ಪತ್ರಿಕೆಯಲ್ಲಿ ಚಿತ್ರ ನೋಡಿ ನಾನೂ ಹಿಗ್ಗಿದೆ. ಆದರೆ ಕಾವಲು ಖಾಲಿ ಇರಲಿಲ್ಲ. ಅಲ್ಲಿ ದನ, ಕುರಿ ಮೇಯುತ್ತಿದ್ದವು. ಕುರಿಯಿಂದ ಉಣ್ಣೆ, ಉಣ್ಣೆಯಿಂದ ಚಳ್ಳಕೆರೆಯ ಕಂಬಳಿ. ಸುತ್ತಲಿನ ಹಳ್ಳಿಗಳವರಿಗೆ ಸಂಗತಿ ಸರಿಯಾಗಿ ತಿಳಿದದ್ದು ಗೋಡೆ ಏಳತೊಡಗಿದಾಗ. ಪ್ರತಿಭಟನೆ ಮಾಡಿದರು, ಹಸಿರು ನ್ಯಾಯಮಂಡಳಿಗೆ ಹೋದರು. ಗೋಡೆ ಇದೆ.

“ಎಷ್ಟೆತ್ತರ?” ಕಾಕು ನಮ್ಮ ಗೋಡೆ ತಟ್ಟಿ ಕೇಳಿದರು.

“ಮೊಣಕೈ ಊರಾಕ ಬರಂಗಿಲ್ಲ ಕಾಕು.”

ಲಡಾಖಿನ ಹಾನ್ಲೆಯಲ್ಲಿ ಬೇರೆ ದಾರಿ ಹಿಡಿದಿದ್ದಾರೆ ಎಂದು ಹೇಳಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಅಲ್ಲಿದೆ. ಆಕಾಶ ಕತ್ತಲಾಗಿರಬೇಕಾದರೆ ಊರಿನವರು ದೀಪ ತಗ್ಗಿಸಬೇಕು. 2022ರಲ್ಲಿ ಅದನ್ನು ಕತ್ತಲೆಯಾಕಾಶದ ರಕ್ಷಿತ ಪ್ರದೇಶ ಮಾಡಿದಾಗ ಹಳ್ಳಿಯ ಹೆಂಗಸರು ಗಂಡಸರಿಗೆ ದೂರದರ್ಶಕ ಕೊಟ್ಟು ನಕ್ಷತ್ರ ತೋರಿಸುವುದನ್ನು ಕಲಿಸಿದರು. ಬರುವ ಪ್ರವಾಸಿಗಳಿಂದ ಅವರಿಗೆ ನಾಲ್ಕು ಕಾಸು. ಇದಕ್ಕೆ ಕಾಕು ಹೆಚ್ಚೇನೂ ಹೇಳಲಿಲ್ಲ. ಅವರ ತಲೆ ಬೇರೆಲ್ಲೋ ಇತ್ತು.

“ಹೆಣ್ಮಕ್ಕಳು ಯಾರ್ ಹೊಂಟಾರ ನಮ್ಮವ್ರು?”

ಗಗನಯಾನಕ್ಕೆ ಆರಿಸಿದ ನಾಲ್ವರ ಹೆಸರನ್ನು 2024ರ ಫೆಬ್ರುವರಿಯಲ್ಲಿ ಹೇಳಿದರು, ಶುಕ್ಲಾ ಅವರಲ್ಲೊಬ್ಬರು. ನಾಲ್ವರೂ ಗಂಡಸರು. ವಾಯುಪಡೆಯ ಟೆಸ್ಟ್ ಪೈಲಟ್‌ಗಳಲ್ಲಿ ಆರಿಸಿದ್ದು, ಆಗ ಆ ಕೆಲಸದಲ್ಲಿ ಹೆಣ್ಣುಮಕ್ಕಳು ಇರಲಿಲ್ಲ ಎಂಬ ಕಾರಣ ಕೊಟ್ಟೆ. ಅವರಿಗಿಂತ ಮೊದಲು, ಯಾರೂ ಕೂಡದ ನೌಕೆಯಲ್ಲಿ, ‘ವ್ಯೋಮಮಿತ್ರ’ ಎಂಬ ಹೆಣ್ಣುರೂಪದ ರೋಬೋ ಕಳಿಸುತ್ತಾರಂತೆ ಎಂದು ಹುಡುಗ ಸೇರಿಸಿದ. ಕಾಕು ಅವನನ್ನು ದಿಟ್ಟಿಸಿದರು.

“ಏನಾರ ಹೆಚ್ಚುಕಡಿಮಿ ಆಗೂದಿದ್ರ ಮೊದಲ ಹೆಣ್ಣು ಗೊಂಬಿಗೆ ಆಗ್ಲಿ ಅಂತೇನು?”

ಅಮೆರಿಕದವರದೂ ಇದೇ ಪಾಡು ಎಂದೆ. 2019ರ ಮಾರ್ಚಿನಲ್ಲಿ ಇಬ್ಬರು ಹೆಣ್ಣುಮಕ್ಕಳೇ ನಿಲ್ದಾಣದಿಂದ ಹೊರಗಿಳಿದು ನಡೆಯುವರೆಂದು ಜಗತ್ತಿಗೆಲ್ಲ ಸಾರಿದರು. ಕೊನೆಗೆ ನೋಡಿದರೆ ಮಧ್ಯಮ ಅಳತೆಯ ಮೇಲಂಗಿ ಬಳಕೆಗೆ ಸಿದ್ಧವಿದ್ದದ್ದು ಒಂದೇ. ಅಂಗಿಯ ಅಳತೆ ಸಾಲದೆ ಒಬ್ಬಾಕೆಯ ಬದಲು ಗಂಡಸು ಹೋದ. ಅಕ್ಟೋಬರ್ 18ಕ್ಕೆ ಕ್ರಿಸ್ಟಿನಾ ಕುಕ್ ಮತ್ತು ಜೆಸಿಕಾ ಮೀರ್ ಒಟ್ಟಿಗೆ ಹೊರಗೆ ಹೋದರು. ಕೋಟ್ಯಂತರ ಡಾಲರಿನ ನಿಲ್ದಾಣ ಕಟ್ಟಿದವರಿಗೆ ಒಬ್ಬ ದರ್ಜಿ ಸಿಗಲಿಲ್ಲವೇ ಎಂದು ಕಾಕು ಬಹಳ ಹೊತ್ತು ನಕ್ಕರು.

ಆದರೆ ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಹೆಚ್ಚು ಉಳಿದದ್ದು ಹನ್ನೊಂದು ಕಿವುಡರ ಕಥೆ. 1950ರ ದಶಕದ ಕೊನೆ, ಮನುಷ್ಯ ಇನ್ನೂ ಮೇಲೆ ಹೋಗಿರಲಿಲ್ಲ. ತೂಕವಿಲ್ಲದಲ್ಲಿ ತಲೆಸುತ್ತು, ವಾಂತಿ ಬಂದರೆ ಏನು ಗತಿ ಎಂಬುದು ಅಮೆರಿಕದವರ ಚಿಂತೆ. ಗ್ಯಾಲೊಡೆಟ್ ಎಂಬ ಕಿವುಡರ ಕಾಲೇಜಿನಿಂದ ಹನ್ನೊಂದು ಗಂಡಸರನ್ನು ತಂದರು. ಹೆಚ್ಚಿನವರಿಗೆ ಚಿಕ್ಕಂದಿನ ಮೆದುಳುಪೊರೆಯ ಜ್ವರದಿಂದ ಒಳಗಿವಿ ಕೆಟ್ಟಿತ್ತು, ಹಾಗಾಗಿ ಎಷ್ಟು ತಿರುಗಿಸಿದರೂ ತಲೆ ಸುತ್ತುತ್ತಿರಲಿಲ್ಲ. ಸದಾ ತಿರುಗುವ ಕೋಣೆಯಲ್ಲಿ ಕೆಲವರನ್ನು ಹನ್ನೆರಡು ದಿನ ಇಟ್ಟರು. ನೋವಾ ಸ್ಕಾಟಿಯಾದ ಬಿರುಗಾಳಿಯ ಕಡಲಿನಲ್ಲಿ ಹಡಗು ಹತ್ತಿಸಿದರು. ಇವರು ಇಸ್ಪೀಟು ಆಡುತ್ತಾ ಕೂತರು. ಪರೀಕ್ಷೆ ಮಾಡಲು ಬಂದ ವಿಜ್ಞಾನಿಗಳಿಗೇ ಹೊಟ್ಟೆ ತೊಳಸಿ ಪ್ರಯೋಗ ನಿಲ್ಲಿಸಬೇಕಾಯಿತು! ಬಾಹ್ಯಾಕಾಶಕ್ಕೆ ಅವರ ದೇಹದಷ್ಟು ಒಗ್ಗುವ ದೇಹ ಇನ್ನೊಂದಿರಲಿಲ್ಲ. ಒಬ್ಬರನ್ನೂ ಕಳಿಸಲಿಲ್ಲ. ಕಿವಿ ಕೇಳದವರು ಗಗನಯಾತ್ರಿ ಆಗುವಂತಿರಲಿಲ್ಲ.

ಈಗ ಬಾಗಿಲು ಒಂದಿಷ್ಟು ಓರೆಯಾಗಿದೆ. ಹತ್ತೊಂಬತ್ತನೆಯ ವಯಸ್ಸಿಗೆ ಬೈಕ್ ಅಪಘಾತದಲ್ಲಿ ಬಲಗಾಲು ಕಳೆದುಕೊಂಡ ಬ್ರಿಟನ್ನಿನ ಜಾನ್ ಮೆಕ್‌ಫಾಲ್, ಪ್ಯಾರಾಲಿಂಪಿಕ್ಸಿನಲ್ಲಿ ಓಡಿ ಪದಕ ಗೆದ್ದವರು, ಶಸ್ತ್ರಚಿಕಿತ್ಸಕರು. ಯುರೋಪಿನ ಬಾಹ್ಯಾಕಾಶ ಸಂಸ್ಥೆ 2022ರಲ್ಲಿ ಅವರನ್ನು ಆರಿಸಿ, ದೀರ್ಘ ಯಾನಕ್ಕೆ ವೈದ್ಯಕೀಯವಾಗಿ ಯೋಗ್ಯರೆಂದು 2025ರಲ್ಲಿ ಹೇಳಿತು. ಮೇಲೆ ತೇಲಾಡುವಲ್ಲಿ ಕಾಲಿಗೆ ಕೆಲಸವೇನು?

“ಮೊಣಕಾಲ ಬ್ಯಾನಿ ಇದ್ದವ್ರಿಗೂ ಛಲೋ ಆತಲ್ಲ,” ಎಂದರು ಕಾಕು, ತಮ್ಮ ಮೊಣಕಾಲು ಒತ್ತಿಕೊಳ್ಳುತ್ತಾ.

ಹುಡುಗ ಇಷ್ಟು ಹೊತ್ತು ಬ್ರಶ್ಶು ಕೈಯಲ್ಲೇ ಹಿಡಿದಿದ್ದ. ಕರೆಯುವವರೆಗೆ ಕಾಯುವುದೇಕೆ ಎಂಬುದು ಅವನ ವಾದ. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಕಳೆದುಹೋದಾಗ, ನಾಸಾ ಎಲ್ಲರಿಗೂ ಬಿಟ್ಟುಕೊಟ್ಟ ಚಂದ್ರನ ಚಿತ್ರಗಳನ್ನು ಚೆನ್ನೈನ ಶಣ್ಮುಗ ಸುಬ್ರಮಣಿಯನ್ ಎಂಬ ಎಂಜಿನಿಯರ್ ಮನೆಯಲ್ಲಿ ಕೂತು ಜಾಲಾಡಿ ಅವಶೇಷದ ಒಂದು ಚುಕ್ಕೆ ಹಿಡಿದರು. ಡಿಸೆಂಬರಿನಲ್ಲಿ ನಾಸಾ ಹೌದೆಂದು ಒಪ್ಪಿ ಅವರ ಹೆಸರು ಹೇಳಿತು. ನಮ್ಮ ಇಸ್ರೋದ ಚಂದ್ರಯಾನದ ದತ್ತಾಂಶವೂ ಈಗ ಯಾರು ಬೇಕಾದರೂ ತೆಗೆದು ನೋಡಲು ಸಿಗುತ್ತದೆ. ಹುಡುಗ ಹೇಳಿದ್ದರಲ್ಲಿ ಹುರುಳಿದೆ. ಹೆಸರು ಕೆತ್ತಿಸಿಕೊಂಡ 26 ಲಕ್ಷ ಜನರಿಗಿಂತ ಆ ಒಬ್ಬ ಮನುಷ್ಯ ಹೆಚ್ಚು ಒಳಗೆ ಹೋಗಿ ಬಂದ. ಆದರೆ ಅದಕ್ಕೆ ಕಂಪ್ಯೂಟರ್ ಬೇಕು, ಇಂಗ್ಲಿಷು ಬೇಕು, ರಾತ್ರಿ ನಿದ್ದೆ ಕೆಡಿಸಿಕೊಳ್ಳುವ ಬಿಡುವು ಬೇಕು. ಚಳ್ಳಕೆರೆಯ ಕುರಿಗಾಹಿಗೆ ಅದೇ ದಾರಿ ತೋರಿಸಲು ಬಾರದು.

2035ಕ್ಕೆ ನಮ್ಮದೇ ನಿಲ್ದಾಣ, 2040ಕ್ಕೆ ಚಂದ್ರನ ಮೇಲೆ ನಮ್ಮ ಮನುಷ್ಯ ಎಂದು ಸರಕಾರ ಹೇಳಿದೆ ಎಂದೆ.

“2035ಕ್ಕ ನಾ ಇರ್ತೀನೋ ಇಲ್ಲೋ. ಕೇಳೂದು ಈಗ ಕೇಳಬೇಕು. ನೀವು ಬರೀರಿ ಮಾಸ್ತರ, ಅರ್ಜಿ.”

ಹುಡುಗ ಪೆನ್ನು ತಂದ. ಕಾಕು ಹೇಳುತ್ತಾ ಹೋದರು. ನಿಲ್ದಾಣದಾಗ ಯಾರ್ಯಾರು ಇರ್ತಾರ ಅಂತ ಬರಿಯೋ ಮುಂದ ಹೆಣ್ಮಕ್ಕಳ ಅಂಗಿ ಅಳತಿ ಮೊದಲ ತಗೋರಿ. ಚಳ್ಳಕೆರಿ ಗ್ವಾಡಿಗೆ ಒಂದು ಗೇಟಾರ ಇಡ್ರಿ, ದನ ಹೋಗಿ ಬರ್ಲಿ. ಕಾಗದ ಹಿಡ್ಕೊಂಡು ಬರೋ ಹುಡುಗರನ್ನ ತಿರುಗಿ ಹಳ್ಳಿಗೆ ಕಳಸ್ರಿ, ಈ ಸಲ ಮಾಡೂಕಿಂತ ಮೊದಲ ಕೇಳಾಕ ಬರ್ಲಿ. ಅಡಿಗಿ ಪಟ್ಟಿ ಮಾಡೋ ಮೈಸೂರಿನ ರಕ್ಷಣಾ ಆಹಾರ ಪ್ರಯೋಗಾಲಯಕ್ಕ ಒಂದು ನಕಲು ಕಳಸ್ರಿ, ಪೇಢೆ ವಿಷಯ ಅವ್ರಿಗೂ ಗೊತ್ತಾಗ್ಲಿ.

ಇಸ್ರೋ ದನಕ್ಕೆ ಗೇಟು ಇಡುವ ಇಲಾಖೆಯಲ್ಲ ಎಂದೆ.

“ಯಾವ ಇಲಾಖೆ ಅಂತ ಅವ್ರ ಹುಡುಕ್ಕೊಳ್ಳಿ. ಚಂದ್ರನ ಮ್ಯಾಲೆ ನೀರು ಹುಡುಕ್ಯಾರ. ವಿಳಾಸ ಏನು?”

“ಅಂತರಿಕ್ಷ ಭವನ, ಬೆಂಗಳೂರು.”

“ರಿಜಿಸ್ಟರ್ ಪೋಸ್ಟ್ ಮಾಡ್ರಿ. ಮುಟ್ಟಿದ್ದಕ್ಕ ಸಹಿ ಬರ್ಬೇಕು ನನಗ.”

“ರಿಜಿಸ್ಟರ್ ಪೋಸ್ಟ್ ಅಂತ ಈಗ ಬ್ಯಾರೆ ಇಲ್ರೀ ಕಾಕು. 2025ರಾಗ ಅದನ್ನ ಸ್ಪೀಡ್ ಪೋಸ್ಟಿನೊಳಗ ಸೇರಿಸಿಬಿಟ್ರು.”

“ಅದನ್ನೂ ಯಾರ್ನೂ ಕೇಳದನ?”